ಜಾಹೀರಾತಿನ ಹಿಂದಿನ ಪುಟ

"ಹೋಯ್, ನಿಮ್ಮ ಹುಡುಗಿ ಇಲ್ಲಿದ್ದಾಳೆ ನೋಡಿ" ಎಂದರು ಕುಶಲಕ್ಕ.

ಮಣಿಪಾಲದಲ್ಲಿ ಹೊಸ ಕನ್ನಡಕ ತೆಗೆದುಕೊಂಡು, ಬಿಸಿಲು ಇಳಿದ ಮೇಲೆ ಕಾಪುವಿನ ಬಸ್ಸು ಹಿಡಿದರಾಯಿತು ಎಂದು ಗಂಡ ಹೆಂಡತಿ ಹೊಕ್ಕ ಕೆಫೆ ಅದು. ಗೋಡೆಯ ತುಂಬ ಫ್ರೇಮು ಹಾಕಿದ ಹಳೆಯ ಜಾಹೀರಾತುಗಳು: ಸೋಪು, ಸೈಕಲ್ಲು, ತಲೆನೋವಿನ ಮಾತ್ರೆ. ಮೂಲೆಯ ಸ್ಪೀಕರಿನಲ್ಲಿ ಎಂಬತ್ತರ ದಶಕದ ಪಾಪ್ ಹಾಡು. ಉಮಾನಾಥರಂತೂ ಒಳಗೆ ಕಾಲಿಟ್ಟದ್ದೇ ಮೊಣಕಾಲು ನೋವು ಮರೆತು ತಾಳ ಹಾಕತೊಡಗಿದ್ದರು. ಬಹರೈನಿನ ರೂಮಿನಲ್ಲಿ ದಿನವೂ ಕೇಳುತ್ತಿದ್ದ ಒಂದು ಇಂಗ್ಲಿಷ್ ಹಾಡನ್ನು ಅವರು ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದರು. ಹೆಸರು ಗೊತ್ತಿಲ್ಲ, ಪದಗಳು ಗೊತ್ತಿಲ್ಲ, ರಾಗ ಮಾತ್ರ ಬಾಯಿಪಾಠ. ರಾಗ ಕೇಳಿಸಿದರೆ ಫೋನೇ ಹಾಡು ಹುಡುಕುತ್ತದೆಂದು ಕೆಫೆಯ ಯಜಮಾನ ಧನರಾಜ್ ತನ್ನ ಫೋನು ಹಿಡಿದಾಗ ಅದರ ಮುಂದೆ ಬಾಗಿ, ನಾಚಿಕೆಯಿಲ್ಲದೆ ಇಡೀ ರಾಗವನ್ನು ಗುನುಗಿ ಬಂದಿದ್ದರು. "ಸಿಕ್ಕಿದರೆ ಹಾಕ್ತೇನೆ ಅಂಕಲ್" ಎಂದು ಆತ ಭರವಸೆ ಕೊಟ್ಟಿದ್ದ.

ಈಗ ಹೆಂಡತಿ ತೋರಿಸಿದ ಕಡೆ ನೋಡಿದ್ದೇ ಅವರ ತಾಳ ನಿಂತುಹೋಯಿತು. ಕೆಂಪು ಟೇಪ್ ರೆಕಾರ್ಡರನ್ನು ಹೆಗಲ ಮೇಲಿಟ್ಟುಕೊಂಡು ನಗುತ್ತಿರುವ ಗುಂಗುರು ಕೂದಲಿನ ಹುಡುಗಿ. ಮೇಲೆ ದಪ್ಪ ಅಕ್ಷರದಲ್ಲಿ, 'ಗುಂಡಿ ಒತ್ತಿರಿ, ಮನೆ ಕುಣಿಯಲಿ!' ಅಡಿಯಲ್ಲಿ ಅದೇ ವಾರಪತ್ರಿಕೆಯ ಹೆಸರು, ಅದೇ ವಾರದ ತಾರೀಕು.

ಈ ಹುಡುಗಿಯಿಂದಾಗಿ ಅವರ ಸಂಸಾರದಲ್ಲಿ ನಡೆದಷ್ಟು ಜಗಳ ಇನ್ನು ಯಾರಿಂದಲೂ ನಡೆದಿರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೇ ಗಲ್ಫಿಗೆ ಹೊರಟ ಉಮಾನಾಥರು, ಬರುವಾಗ ಇಂಥದ್ದೇ ಸೆಟ್ಟು ತರುತ್ತೇನೆಂದು ವಾರಪತ್ರಿಕೆಯಿಂದ ಈ ಜಾಹೀರಾತಿನ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ ಕಿಸೆಗೆ ಹಾಕಿಕೊಂಡು ಹೋಗಿದ್ದರು. ಸೆಟ್ಟು ತಂದದ್ದೂ ಹೌದು. ಆದರೆ ಹಾಳೆಯ ಹಿಂದೆ ಕುಶಲಕ್ಕ ವಾರವಾರವೂ ಕಾದು ಓದುತ್ತಿದ್ದ ಧಾರಾವಾಹಿಯ ಕೊನೆಯ ಪುಟವಿತ್ತು. ಕಥೆಯ ಹೆಂಗಸು ಗಂಟುಮೂಟೆ ಕಟ್ಟಿಕೊಂಡು ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದಳು, ಅಷ್ಟೇ. ಉಳಿದದ್ದು ಬಹರೈನಿನ ಗೋಡೆಯ ಮೇಲೆ ಮೈದಾ ಅಂಟಿನಲ್ಲಿ ಭದ್ರವಾಗಿ ಕೂತಿತ್ತು. ಓದಿದವರನ್ನು ಕೇಳೋಣವೆಂದರೆ, ಪಕ್ಕದ ಮನೆಯ ಒಲಿಂಡಾ ಬಾಯಿ "ಬಾಗಿಲು ತೆಗೆದು ಹೋದಳು" ಎಂದರು. ಅವರ ತಂಗಿ ಜೆರ್ಟ್ರೂಡ್ "ಎಲ್ಲಿಗೂ ಹೋಗಲಿಲ್ಲ" ಎಂದು ಆಣೆ ಹಾಕಿದರು. ಕ್ರಮೇಣ ಪತ್ರಿಕೆಯೂ ಮುಚ್ಚಿತು. ಅಂದಿನಿಂದ ಉಮಾನಾಥರು ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಸಾಕು, "ಕಥೆ ಕತ್ತರಿಸಿದವರಿಗೆ ಎಂತ ಮಾತು" ಎಂಬ ಉತ್ತರ ತಯಾರಿರುತ್ತಿತ್ತು.

ಉಮಾನಾಥರು ಕುರ್ಚಿ ಸರಿಸಿ ಎದ್ದೇ ಬಿಟ್ಟರು. "ಧನರಾಜ್, ಆ ಫ್ರೇಮು ಸ್ವಲ್ಪ ಬಿಚ್ಚಬಹುದಾ?"

"ಅದು ಮಾರಲಿಕ್ಕೆ ಅಲ್ಲ ಅಂಕಲ್."

"ನನಗೆ ಹುಡುಗಿ ಬೇಡ ಮಾರಾಯ. ಅವಳ ಬೆನ್ನ ಹಿಂದೆ ಇರುವುದು ಬೇಕು."

ಧನರಾಜನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹಿರಿಯರ ಮುಖ ನೋಡಿ ಫ್ರೇಮನ್ನು ಕೆಳಗಿಳಿಸಿ, ಬೆಣ್ಣೆ ಸವರುವ ಚೂರಿಯಿಂದ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ. ಕುಶಲಕ್ಕ ಹೊಸ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೂ ಈ ಪಾಪ ತೊಳೆದುಹೋಯಿತು ಎಂದು ಉಮಾನಾಥರ ಎದೆ ಹಗುರಾಯಿತು.

ಹಾಳೆ ಹೊರಗೆ ಬಂತು. ಕುಶಲಕ್ಕ ಮಗುಚಿ ನೋಡಿದರು.

"ಖಾಲಿ ಉಂಟಲ್ಲ!"

"ಅದು... ನೆಟ್ಟಿನಿಂದ ಇಳಿಸಿ ಪ್ರಿಂಟ್ ಹಾಕಿಸಿದ್ದು ಆಂಟಿ" ಎಂದ ಧನರಾಜ್, ಕಿವಿ ತುರಿಸಿಕೊಳ್ಳುತ್ತ. "ಆ ಹಳೇ ಕಾಗದದ ಹಳದಿ ಬಣ್ಣ ಸಹ ಪ್ರಿಂಟೇ."

ಕುಶಲಕ್ಕ ಬೆಳ್ಳಗಿನ ಹಾಳೆಯ ಮೇಲೊಮ್ಮೆ ಕೈಯಾಡಿಸಿ, "ಹೋಗಲಿ ಬಿಡಿ" ಎಂದು ಅದನ್ನು ಹಿಂದಕ್ಕೆ ಕೊಟ್ಟರು. ಬೈಯಲಿಲ್ಲ, ಕೊಂಕು ನುಡಿಯಲಿಲ್ಲ. ಬೈದಿದ್ದರೆ ಉಮಾನಾಥರಿಗೆ ಅಭ್ಯಾಸವಿತ್ತು. ಈ ಸುಮ್ಮನಿರುವಿಕೆಯನ್ನು ಮಾತ್ರ ಸಹಿಸಲಾಗಲಿಲ್ಲ. ಬಿಸಿ ಬಿಸಿ ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ಅಲ್ಲ ಕುಶಲಾ" ಎಂದರು ಉಮಾನಾಥರು. "ಚಿಲಕದ ವಿಷಯ ನನಗೆ ಗೊತ್ತುಂಟು. ಆದರೆ ಆ ಹೆಂಗಸು ಯಾರು? ಯಾಕೆ ಹೊರಟದ್ದು ಅವಳು?"

ಕುಶಲಕ್ಕ ಗಂಡನ ಮುಖವನ್ನೇ ನೋಡಿದರು. "ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ ನೀವು."

"ಈಗ ಕೇಳಿದೆನಲ್ಲ."

"ಉದ್ದ ಕಥೆ. ಮನೆಗೆ ಹೋಗುವಾಗ ಕತ್ತಲೆಯಾದೀತು."

"ಆಗಲಿ."

ಕುಶಲಕ್ಕ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಮದುವೆಯಾಗಿ ಮೂರು ತಿಂಗಳಿಗೇ ಅವಳ ಗಂಡ ಹಡಗು ಹತ್ತಿ ಹೋದ" ಎಂದು ಶುರು ಮಾಡಿದರು. ಉಮಾನಾಥರ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. "ಹೊರಡುವ ದಿನ ಇವಳು ಅವನಿಗೆ ಎಂತದೋ ಹೇಳಬೇಕೆಂದು ಬೆಳಗ್ಗಿನಿಂದ ಕಾದಿದ್ದಳು. ಅವನಿಗೆ ಪುರುಸೊತ್ತೇ ಆಗಲಿಲ್ಲ..."

ಅಷ್ಟರಲ್ಲಿ ಸ್ಪೀಕರಿನಿಂದ ಆ ರಾಗ ಎದ್ದು ಬಂತು. ಬಹರೈನಿನ ರೂಮಿನದ್ದು, ಅದೇ.

"ಸಿಕ್ಕಿತು ಅಂಕಲ್!" ಕೌಂಟರಿನಿಂದ ಧನರಾಜ್ ಕೈಬೀಸಿ ಕೂಗಿದ.

ಉಮಾನಾಥರು ಆ ಕಡೆ ತಿರುಗಲಿಲ್ಲ.

"ಅದನ್ನು ನಿಲ್ಲಿಸು ಮಾರಾಯ" ಎಂದರು. "ಇವಳು ಹೇಳ್ತಾ ಇದ್ದಾಳೆ."