ರೆಕಾರ್ಡಿಗೆ ಅಂಟಿದ ಗುನುಗು

ಹುಬ್ಬಳ್ಳಿಯ ಗುರಣ್ಣನ ಅಂಗಡಿಯಲ್ಲಿ ಹಳೆಯ ರೆಕಾರ್ಡು ಕೊಳ್ಳುವವರು ಮೊದಲು ಕೇಳುವುದು, "ತೊಳದೀರೇನ್ರಿ?" ಎಂದೇ. ಹಾಡು ಕೇಳುತ್ತ ಯಾರು ಗುನುಗಿದರೂ ಅವರ ದನಿ ರೆಕಾರ್ಡಿಗೆ ಅಂಟಿಕೊಳ್ಳುತ್ತದೆ; ಕಂಡವರ ಗುನುಗು ಯಾರಿಗೆ ಬೇಕು? ಅದನ್ನು ತೊಳೆಯುವುದು ಕಸ್ತೂರೆವ್ವನ ಕೆಲಸ. ಹನ್ನೆರಡು ವರ್ಷಗಳಿಂದ ಅವಳು ತುಟಿ ಬಿಗಿಹಿಡಿದೇ ಬೆಚ್ಚನೆಯ ಸೀಗೆನೀರಿನಲ್ಲಿ ಕೈಯಾಡಿಸುತ್ತ ಬಂದಿದ್ದಾಳೆ. ಅದೇನೂ ಅವಳಿಗೆ ಕಷ್ಟವಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿ ಒಂದು ಹಾಡು ಶುರುಮಾಡಿದರೆ ಸಾಕು, "ಬಾಯ್ ಮುಚ್ಚ, ಹಾಡಿದ್ರ ಹೊಟ್ಟಿ ತುಂಬತೈತೇನ?" ಎಂದು ಗದರುತ್ತಿದ್ದಳು ಅವ್ವ. ಸಾಯುವ ತನಕ ತಾನೂ ಒಂದು ಸಾಲು ಹಾಡಿದವಳಲ್ಲ.

ಆ ಮಧ್ಯಾಹ್ನ ವಕೀಲರ ಮನೆಯ ರೆಕಾರ್ಡೊಂದು ಬಂದಿತ್ತು. ಕೊಳ್ಳುವವರು ಹೊರಗೆ ಕಾಯುತ್ತಿದ್ದರು. ಕೊಳೆ ಎಷ್ಟಿದೆಯೆಂದು ನೋಡಲು ಕಸ್ತೂರೆವ್ವ ಅದರ ಮೇಲೆ ಗ್ರಾಮಫೋನಿನ ಮುಳ್ಳು ಇಟ್ಟಳು. ಸಾರಂಗಿಯ ಹಿಂದೆ ಪಾತ್ರೆ ತಿಕ್ಕುವ ಸದ್ದು, ಬಳೆಗಳ ಸದ್ದು, ನಡುವೆ ಒಂದು ಹೆಣ್ಣುದನಿ. ಕದ್ದು ಬೆಲ್ಲ ತಿನ್ನುವವರಂತೆ ಮೆಲ್ಲಗೆ ಗುನುಗುತ್ತಿತ್ತು. ಉಸಿರೆಳೆದುಕೊಳ್ಳುವಾಗ ಆ ಸಣ್ಣ ಕೆಮ್ಮು!

ಅವ್ವ ಮೂವತ್ತು ವರ್ಷ ಪಾತ್ರೆ ತಿಕ್ಕಿದ್ದು ವಕೀಲರ ಮನೆಯಲ್ಲೇ.

ಸೀಗೆನೀರು ತಣ್ಣಗಾಗುತ್ತಿತ್ತು. ಪಲ್ಲವಿ ಮತ್ತೆ ಬಂದಾಗ ಕಸ್ತೂರೆವ್ವನ ತುಟಿ ತಾನಾಗಿಯೇ ಸಡಿಲವಾಯಿತು. ಅವಳ ದನಿ ಹೋಗಿ ಅವ್ವನ ದನಿಯ ಪಕ್ಕದಲ್ಲಿ ಕುಳಿತಿತು.

"ಸ್ವಚ್ಛ ಆತೇನವಾ?" ಗುರಣ್ಣ ಹೊರಗಿನಿಂದ ಕೂಗಿದ.

ಹಾಡು ಮುಗಿಯುವ ತನಕ ಅವಳು ಗುನುಗುತ್ತಲೇ ಇದ್ದಳು. ಆಮೇಲೆ ಹೇಳಿದಳು:

"ಇಲ್ರೀ ಅಣ್ಣಾರ, ಈಗ ಇಬ್ಬರಾಗೇವಿ."