ಸ್ಥಳ ಪರಿಶೀಲನೆ

ಆ ಹೊಳೆಗೆ ತೂಗುಸೇತುವೆ ಆಗದು ಎಂಬ ವರದಿಯನ್ನು ಇಂಜಿನಿಯರ್ ಸಾಹೇಬರು ಕಚೇರಿಯಲ್ಲೇ ಬರೆದಿಟ್ಟು ಬಂದಿದ್ದರು. ಇನ್ನು ಬೇಕಿದ್ದುದು ಸ್ಥಳದಲ್ಲಿ ನಿಂತ ಒಂದು ಫೋಟೋ ಮಾತ್ರ.

ತೆಪ್ಪ ನಡೆಸುವ ಹೆಂಗಸು ಹುಟ್ಟು ಹಾಕುತ್ತ ಕೇಳಿದಳು: "ನಮ್ಮ ಅರ್ಜಿಗೆ ಮೂರು ಸಲವೂ ನಾಟ್ ಫೀಸಿಬಲ್ ಅಂತ ಬರೆದು ಕಳಿಸಿದ್ರಿ. ಹಂಗಂದ್ರೇನು ಸ್ವಾಮಿ?"

"ಮಾಡೋಕಾಗದ ಕೆಲಸ ಅಂತ."

"ಮನಸ್ಸಿದ್ರೂ ಆಗಲ್ವಾ?"

"ಮನಸ್ಸಿನ ಪ್ರಶ್ನೆ ಅಲ್ಲಮ್ಮ. ಖರ್ಚು, ಅಪಾಯ ಎಲ್ಲ ತೂಗಿ ನೋಡಿ, ಬೇಡ ಅನ್ನಿಸಿದ್ರೆ ಹಾಗೆ ಬರೀತೀವಿ."

ಅವಳು ತಲೆಯಾಡಿಸಿದಳು. "ನೀವು ಎರಡನೇ ಸಲ ಬರೆದ ಮೇಲೆ ನನ್ನ ಮಗಳು ಇಲ್ಲೇ ಕೊಚ್ಚಿಹೋದಳು."

ಸಾಹೇಬರು ಹೊಳೆ ನಡುವಿನ ಬಂಡೆಗೆ ಇಳಿದು, ಮೊಬೈಲನ್ನು ಅವಳ ಕೈಗಿತ್ತು, ಮುಖ ಒರೆಸಿಕೊಂಡು ನಿಂತರು. ಫೋಟೋಗೆಂದು ತೆಪ್ಪ ಹಿಂದೆ ಹಿಂದೆ ಸರಿದು ದಡ ಮುಟ್ಟಿತು.

ಅಷ್ಟರಲ್ಲಿ ಮೇಲಿನ ಅಣೆಕಟ್ಟಿನ ಸೈರನ್ ಕೂಗತೊಡಗಿತು.

"ಬೇಗ ಬಾರಮ್ಮ! ಗೇಟು ತೆಗೀತಿದಾರೆ, ನೀರು ಬರ್ತದೆ!"

ಅವಳು ಹೊಳೆಯನ್ನೊಮ್ಮೆ ನೋಡಿದಳು, ಅವರನ್ನೊಮ್ಮೆ ನೋಡಿದಳು. ಆಮೇಲೆ ಹುಟ್ಟನ್ನು ಕೆಳಗಿಟ್ಟಳು.

"ನಾಟ್ ಫೀಸಿಬಲ್, ಸ್ವಾಮಿ."