ಯಾವ ಮರದ ಬಂದಳಿಕೆ

ಶಿವಮೊಗ್ಗದ ಲ್ಯಾಬಿನಲ್ಲಿ ಬಂದಳಿಕೆ ಸೊಪ್ಪು ಅರೆದಾಗೆಲ್ಲ ಆ ಒಗರು ವಾಸನೆಗೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಾನು ಚಿಕ್ಕವಳಿದ್ದಾಗ, ಜನ್ನಾಪುರದ ಮನೆಯಲ್ಲಿ ಅಪ್ಪನ ಕಾಲಿನ ಗಾಯ ಮಾಯದೆ ಕೀವಾಗಿತ್ತು. ಬೇವಿನ ಮರದ ಬಂದಳಿಕೆ ತರಲು ಅಜ್ಜಿ ಕಳಿಸಿದ್ದಳು. ಹತ್ತಲು ಹೆದರಿ, ಪಕ್ಕದ ಕಾಸರಕನ ಮರದ ತಗ್ಗು ಕೊಂಬೆಯ ಮೇಲಿದ್ದ ಬಂದಳಿಕೆ ಕಿತ್ತು ತಂದಿದ್ದೆ.

“ಬೇವಿಂದೇ ತಾನೆ?” ಅರೆಯುತ್ತ ಅಜ್ಜಿ ಕೇಳಿದಳು.

“ಹೂಂ.”

“ಯಾವ ಮರದ ರಸ ಕುಡಿಯುತ್ತೋ ಆ ಮರದ ಗುಣಾನೇ ಇದಕ್ಕೆ ಬರೋದು. ಕಾಸರಕನ ಮರದ್ದಾದ್ರೆ ವಿಷ ಕಣೇ.”

ಅರೆದ ಸೊಪ್ಪು ಗಾಯದ ಹತ್ತಿರ ಬಂದಾಗ ಅಜ್ಜಿಯ ಕೈ ತಟ್ಟಿಬಿಟ್ಟೆ.

ಅಪ್ಪ ಕಣ್ಣು ಬಿಟ್ಟು, “ಏನಮ್ಮಾ?” ಎಂದ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಕೈ ಜಾರ್ತು ಕಣಪ್ಪ.”

ಅರೆಯುವ ಕಲ್ಲನ್ನು ಮೂರು ಸಲ ತೊಳೆದು, ಮೆಲ್ಲಗೆ ನನ್ನನ್ನು ಕರೆದಳು: “ಬಾರೇ, ಬೇವಿನ ಮರ ಹತ್ತೋದು ಬೇಡ. ಕೊಕ್ಕೆ ದೋಟಿ ಹಿಡ್ಕೊ, ಕೆಳಗಿಂದಾನೇ ಕೀಳೋಣ.”